ಐದು ರೂಪಾಯಿ ರಬ್ಬರ್

ತಪ್ಪು ನನ್ನದೇ. ಸಾವ್ಕಾರ್ರ ಕಣ್ಣೆದುರಿಗೆ ರಬ್ಬರ್ ತೆಗೆಯಬಾರದಿತ್ತು.

ಅವತ್ತು ತಿಂಗಳ 20ನೇ ತಾರೀಖು. ಜಿಎಸ್‌ಟಿ ರಿಟರ್ನ್‌ಗೆ ಕೊನೇ ದಿನ ಅಲ್ವಾ, ದಾವಣಗೆರೆಯಲ್ಲಿ ಕೆಡಬೇಕಾದ ಕಂಪ್ಯೂಟರೆಲ್ಲ ಅವತ್ತೇ ಕೆಡುತ್ತವೆ. ಎಪಿಎಂಸಿ ಯಾರ್ಡಿನ ದಲಾಲಿ ಅಂಗಡಿಯೊಂದರಿಂದ ಬೆಳಿಗ್ಗೆಯೇ ಆರು ಸಲ ಫೋನ್. ಹೋದೆ. ಫ್ಯಾನ್ ತಿರುಗುತ್ತದೆ, ಕೀಂಯ್ ಕೀಂಯ್ ಅನ್ನುತ್ತದೆ, ಸ್ಕ್ರೀನ್ ಮಾತ್ರ ಕಪ್ಪು. ಬಿಚ್ಚಿದರೆ ಒಳಗೆ ಮೆಕ್ಕೆಜೋಳದ ಧೂಳು ಒಂದು ಸೇರು. ರ‍್ಯಾಮ್ ಅನ್ನೋ ಮೆಮೊರಿ ಪಟ್ಟಿ ಕಿತ್ತೆ, ಅದರ ಬಂಗಾರದ ಬಣ್ಣದ ಹಲ್ಲುಗಳನ್ನು ಶಾಲೆ ಮಕ್ಕಳ ರಬ್ಬರಿನಿಂದ ನಾಲ್ಕು ಸಲ ಉಜ್ಜಿದೆ, ಸ್ಲಾಟಿಗೆ ಬ್ರಶ್ ಆಡಿಸಿ ಟಕ್ ಅಂತ ಕೂರಿಸಿದೆ. ಸ್ಕ್ರೀನಿನ ಮೇಲೆ ಲೆಕ್ಕ ಬರೆಯೋ ಟ್ಯಾಲಿ ಬಂತು. ಗುಮಾಸ್ತನ ಮುಖಕ್ಕೆ ಜೀವ ಬಂತು.

"ಎಷ್ಟಾತು ತಮ್ಮಾ?"

"ಐನೂರು ಕೊಡಿ ಸಾವ್ಕಾರ್ರೆ."

"ರಬ್ಬರ್ ಉಜ್ಜಿದ್ದಕ್ಕಾ?"

ಇದಕ್ಕೆ ಏನು ಹೇಳೋದು? ಕೆಲಸ ಕಲಿಯುವಾಗ ಇದೇ ಕೀಂಯ್ ಕೀಂಯ್ ಹಿಡಿಯಲು ನನಗೆ ಅರ್ಧ ದಿನ ಬೇಕಾಗುತ್ತಿತ್ತು. ಗಂಟೆ ಲೆಕ್ಕದಲ್ಲಿ ಹೋದರೆ ಆವತ್ತಿನ ದಡ್ಡನಿಗೇ ಜಾಸ್ತಿ ದುಡ್ಡು. ಎಎಂಸಿ, ಅಂದರೆ ವರ್ಷದ ಲೆಕ್ಕದಲ್ಲಿ ರಿಪೇರಿ ಒಪ್ಪಂದ, ಮಾಡಿಸಿ ನೋಡಿದ್ದೂ ಆಯ್ತು. ಏನೂ ಕೆಡದಿದ್ದರೆ "ನೀನು ಬಂದೇ ಇಲ್ಲ, ದುಡ್ಡು ಯಾಕೆ" ಅಂತಾರೆ. ಕೆಟ್ಟರೆ "ನೀನಿದ್ದೂ ಹೆಂಗೆ ಕೆಟ್ತು" ಅಂತಾರೆ.

ಸಾವ್ಕಾರ್ರು ಕೆಟ್ಟವರಲ್ಲ. "ದುಡ್ಡಿನ ಮಾತು ಆಮೇಲೆ, ಬಾ ದೋಸೆ ತಿನ್ನೋಣ" ಅಂದರು. ಈ ಊರಿನಲ್ಲಿ ನನ್ನ ಎಷ್ಟು ಬಿಲ್ಲುಗಳು ಬೆಣ್ಣೆಯಲ್ಲಿ ಕರಗಿ ಹೋಗಿವೆಯೋ ಲೆಕ್ಕ ಇಟ್ಟಿಲ್ಲ. ಆದರೂ ಹೋದೆ. ಬೆಣ್ಣೆ ದೋಸೆಗೆ ಒಲ್ಲೆ ಅನ್ನುವಷ್ಟು ಸಿಟ್ಟು ನನಗೆ ಇದುವರೆಗೆ ಬಂದಿಲ್ಲ.

ಹೋಟೆಲಿನಲ್ಲಿ ಕಾಲಿಡಲು ಜಾಗವಿಲ್ಲ. ತಿನ್ನುತ್ತಿದ್ದವರ ಬೆನ್ನ ಹಿಂದೆ ನಿಂತೆವು, ಅವರು ಏಳುವುದನ್ನೇ ಕಾಯುತ್ತಾ. ನಮ್ಮ ಅಂಗಡಿಯಲ್ಲಿ ಐದು ನಿಮಿಷ ತಡವಾದರೆ ಕುದಿಯುವ ಸಾವ್ಕಾರ್ರು ಇಲ್ಲಿ ಅರ್ಧ ಗಂಟೆ ಕೈಕಟ್ಟಿ ನಿಂತರು, ಮದುವೆ ಮನೆ ಬೀಗರ ಹಾಗೆ ನಗುತ್ತಾ. ಸೌದೆ ಒಲೆಯ ಹೊಗೆಗೆ ಕಣ್ಣು ಉರಿಯುತ್ತಿತ್ತು. ದೊಡ್ಡ ಕಾವಲಿಯ ಮೇಲೆ ಭಟ್ಟರು ಸಾಲಾಗಿ ಹಿಟ್ಟು ಹುಯ್ದರು, ಬೆಣ್ಣೆ ಚೆಲ್ಲಿದರು. ಚೊಂಯ್ ಅಂತು. ಅಂಚು ಕೆಂಪಾಗುವ ಹೊತ್ತಿಗೆ ಮೇಲೆ ಇನ್ನೊಂದು ಮುದ್ದೆ ಬೆಣ್ಣೆ. ಸಾವ್ಕಾರ್ರಿಗೆ ಬೆಣ್ಣೆ ದೋಸೆ, ನನಗೆ ಓಪನ್ ದೋಸೆ, ಆಮೇಲೆ ಇಬ್ಬರಿಗೂ ಒಂದೊಂದು ಖಾಲಿ ದೋಸೆ. ಬಿಳೀ ಕಾಯಿ ಚಟ್ನಿಯನ್ನು ಅವರು ಮೂರು ಸಲ ಹಾಕಿಸಿಕೊಂಡರು, ಆಲೂಗಡ್ಡೆ ಪಲ್ಯ ಎರಡು ಸಲ. ಬೆರಳು ನೆಕ್ಕಿದರು. ಕೌಂಟರಿನಲ್ಲಿ ಕೇಳಿದಷ್ಟು ಕೊಟ್ಟರು, ಚಿಲ್ಲರೆ ಕೂಡ ಎಣಿಸಲಿಲ್ಲ.

ನನಗೆ ತಡೆಯಲಾಗಲಿಲ್ಲ. "ಭಟ್ರು ಹಿಟ್ಟು ಹುಯ್ದು ತೆಗೆಯೋಕೆ ಎರಡು ನಿಮಿಷ ಸಾವ್ಕಾರ್ರೆ. ಹಿಟ್ಟು ಹುಯ್ದಿದ್ದಕ್ಕಾ ಇಷ್ಟು ದುಡ್ಡು ಅಂತ ಅವರನ್ನ ಕೇಳಲಿಲ್ವಲ್ಲ?"

ಅವರು ಎಲೆ ಅಡಿಕೆ ಮಡಚುತ್ತಾ ಯೋಚಿಸಿದರು. ನಿಜವಾಗಿ ಯೋಚಿಸಿದರು.

"ದೋಸೆ ಹೊಟ್ಟೆಗೆ ಬಂತಲ್ಲೋ. ನೀನು ಏನ್ ಕೊಟ್ಟೆ? ಮೊನ್ನೆ ಹೆಂಗಿತ್ತೋ ಹಂಗೇ ಐತಿ ಕಂಪ್ಯೂಟರು."

ಇದಕ್ಕೆ ಒಳ್ಳೆ ಉತ್ತರ ಇರಬೇಕು. ಮೂರು ವಾರದಿಂದ ಹುಡುಕುತ್ತಿದ್ದೇನೆ. ಕೊನೆಗೆ ಮುನ್ನೂರು ಕೊಟ್ಟರು. ದೋಸೆಯದನ್ನು ಹಿಡಿದುಕೊಂಡಿರಬೇಕು ಅಂತ ನನ್ನ ಗುಮಾನಿ.

ಆಮೇಲಿಂದ ನಾನು ರಬ್ಬರನ್ನು ಗೋಡೆ ಕಡೆ ತಿರುಗಿ ಉಜ್ಜುತ್ತೇನೆ. ನಡುನಡುವೆ "ಹ್ಞೂಂ... ಮದರ್‌ಬೋರ್ಡು..." ಅಂತ ನಿಟ್ಟುಸಿರು ಬಿಡುತ್ತೇನೆ. ಸ್ಕ್ರೂಗಳನ್ನು ಒಂದೊಂದಾಗಿ ತಟ್ಟೆಗೆ ಹಾಕುತ್ತೇನೆ. ಹೀಗೆ ಮುಕ್ಕಾಲು ಗಂಟೆ ನಾಟಕ ಆಡಿದರೆ ಐನೂರು ತಕರಾರಿಲ್ಲದೆ ಬರುತ್ತದೆ, ಮೇಲೆ ಚಹಾ ಬೇರೆ. ನಾಚಿಕೆ ಆಗುತ್ತದೆ. ಆದರೆ ನಾಚಿಕೆ ಅವರಿಗೂ ಸ್ವಲ್ಪ ಆಗಬೇಕಲ್ವಾ?

ಇಷ್ಟರಲ್ಲಿ ಒಂದು ರೇಟ್ ಬೋರ್ಡ್ ಬರೆಸಿ ಅಂಗಡಿ ಮುಂದೆ ತೂಗುಹಾಕಬೇಕು ಅಂತ ಕೂತಿದ್ದೆ. ಯಾವುದಕ್ಕೆ ಎಷ್ಟು ಅಂತ ಮೊದಲ ಸಾಲು ಬರೆಯುವಾಗಲೇ ಫೋನ್ ಬಂತು. ಸಾವ್ಕಾರ್ರದ್ದು.

"ತಮ್ಮಾ, ಮತ್ತೆ ಕೀಂಯ್ ಅಂತೈತಿ. ನೀನೇನ್ ಬರೋದು ಬ್ಯಾಡ. ಆ ರಬ್ಬರ್ ಯಾವ ಕಂಪನೀದು, ಅಷ್ಟು ಹೇಳು."