ಶಾಸಕರ ಮೊದಲ ಕೆಲಸ ಸದನದಲ್ಲೋ, ಕ್ಷೇತ್ರದಲ್ಲೋ?

ಪರ: ಸದನವೇ ಮೊದಲು

ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ಯೋಜನೆಯಲ್ಲಿ ಒಬ್ಬೊಬ್ಬರಿಗೆ ವರ್ಷಕ್ಕೆ ₹2 ಕೋಟಿ. ವಿಧಾನಸಭೆಯ 224 ಮತ್ತು ವಿಧಾನ ಪರಿಷತ್ತಿನ 75 ಸದಸ್ಯರನ್ನು ಸೇರಿಸಿದರೆ ಒಟ್ಟು ₹598 ಕೋಟಿ. 2025–26ರ ರಾಜ್ಯ ಬಜೆಟ್ಟಿನ ಗಾತ್ರ ₹4.09 ಲಕ್ಷ ಕೋಟಿ. ಭಾಗಿಸಿ ನೋಡಿ: ಸರ್ಕಾರ ಖರ್ಚು ಮಾಡುವ ಸಾವಿರ ರೂಪಾಯಿಯಲ್ಲಿ ಶಾಸಕರು ತಾವಾಗಿ ಹಂಚುವುದು ಹೆಚ್ಚುಕಡಿಮೆ ಒಂದೂವರೆ ರೂಪಾಯಿ. ಉಳಿದ 998 ರೂಪಾಯಿ 50 ಪೈಸೆಯಲ್ಲಿ ಬಹುಪಾಲಿಗೆ ಒಪ್ಪಿಗೆ ಸಿಗುವುದು ಇಲಾಖಾವಾರು ಬೇಡಿಕೆಗಳ ಚರ್ಚೆಯಲ್ಲಿ. ಆ ಚರ್ಚೆ ನಡೆಯುವಾಗ ಸದನದ ಅರ್ಧಕ್ಕರ್ಧ ಆಸನ ಖಾಲಿ. ಸದಸ್ಯರು ಎಲ್ಲಿ ಎಂದು ಕೇಳಿದರೆ, ಕ್ಷೇತ್ರದಲ್ಲಿ ಕಾರ್ಯಕ್ರಮ.

ಆ ಕಾರ್ಯಕ್ರಮಗಳು ಯಾವುವೆಂದು ಎಲ್ಲರಿಗೂ ಗೊತ್ತು. ಗೃಹಪ್ರವೇಶ, ಬೀಗರೂಟ, ಜಾತ್ರೆ, ಚರಂಡಿಗೆ ಗುದ್ದಲಿಪೂಜೆ, ಅದೇ ಚರಂಡಿಯ ಉದ್ಘಾಟನೆ. ಇದನ್ನು ಜನಸಂಪರ್ಕ ಎಂದು ಕರೆಯುತ್ತೇವೆ. ಇದರಿಂದ ಒಂದು ಕಡತವೂ ಕದಲುವುದಿಲ್ಲ. ಕಡತ ಕದಲಿಸುವ ಸಾಧನ ಶಾಸಕರ ಕೈಯಲ್ಲೇ ಇದೆ, ಅದರ ಹೆಸರು ಪ್ರಶ್ನೆ.

ಸದಸ್ಯರು ಸೂಚನೆ ಕೊಟ್ಟು, ಅದು ಅಂಗೀಕಾರವಾದರೆ ಪ್ರಶ್ನೆ ಇಲಾಖೆಗೆ ಹೋಗುತ್ತದೆ. ಇಲಾಖೆ ಆಯುಕ್ತಾಲಯವನ್ನು ಕೇಳುತ್ತದೆ, ಆಯುಕ್ತಾಲಯ ಜಿಲ್ಲೆಯನ್ನು, ಜಿಲ್ಲೆ ತಾಲ್ಲೂಕನ್ನು. ಉತ್ತರಕ್ಕೆ ನಿಗದಿಯಾದ ದಿನ ಹತ್ತಿರ ಬಂದಂತೆ, ವರ್ಷಗಟ್ಟಲೆ ಮಿಸುಕದ ಕಡತವನ್ನು ಯಾರೋ ಒಬ್ಬರು ತೆಗೆದು ನೋಡಲೇಬೇಕಾಗುತ್ತದೆ. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಸಿಕ್ಕಿ ಅಲ್ಲಿಗೆ ಮುಗಿಯಿತು. ಚುಕ್ಕೆ ಗುರುತಿನದಕ್ಕೆ ಸಚಿವರು ಎದ್ದು ನಿಂತು ಉತ್ತರಿಸಬೇಕು, ಮೇಲೆ ಉಪಪ್ರಶ್ನೆಗಳಿಗೂ ಸಿದ್ಧರಿರಬೇಕು. ಕರೆದ ಹೊತ್ತಿಗೆ ಪ್ರಶ್ನೆ ಕೇಳಿದವರೇ ಆಸನದಲ್ಲಿ ಇಲ್ಲದಿದ್ದರೆ ಉಪಪ್ರಶ್ನೆಯ ಅವಕಾಶ ಹೋಯಿತು, ಅಷ್ಟು ಜನರ ಶ್ರಮವೂ ಹೋಯಿತು.

ಪ್ರಶ್ನೆ ಬರೆಯುವುದರಲ್ಲೇ ಅರ್ಧ ಕೆಲಸವಿದೆ. 'ರಾಜ್ಯದಲ್ಲಿ ಶಾಲಾ ಕೊಠಡಿಗಳ ಕೊರತೆ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?' ಎಂದು ಕೇಳಿದರೆ 'ಬಂದಿದೆ' ಎಂಬ ಒಂದೇ ಪದ ಸಿಗುತ್ತದೆ. 'ಬಂದಿದ್ದಲ್ಲಿ ಕೈಗೊಂಡ ಕ್ರಮಗಳೇನು?' ಎಂದರೆ 'ಅನುದಾನದ ಲಭ್ಯತೆಯನ್ನು ಆಧರಿಸಿ ಹಂತ ಹಂತವಾಗಿ ಕ್ರಮ ವಹಿಸಲಾಗುವುದು.' ಇಂಥ ಉತ್ತರ ಬರೆಯಲು ಗುಮಾಸ್ತರಿಗೆ ಎರಡು ನಿಮಿಷ ಸಾಕು. ಪಳಗಿದ ಸದಸ್ಯರು ಕೇಳುವ ರೀತಿಯೇ ಬೇರೆ. ಕಳೆದ ಮೂರು ವರ್ಷಗಳಲ್ಲಿ ಇಂಥ ತಾಲ್ಲೂಕಿಗೆ ಮಂಜೂರಾದ ಕೊಠಡಿಗಳೆಷ್ಟು, ಪೂರ್ಣಗೊಂಡವೆಷ್ಟು, ಬಿಡುಗಡೆಯಾದ ಹಣವೆಷ್ಟು, ಕಾಮಗಾರಿ ಆದೇಶದ ದಿನಾಂಕ ಯಾವುದು, ವಿಳಂಬಕ್ಕೆ ಕಾರಣವೇನು, ಶಾಲಾವಾರು ಮಾಹಿತಿ ನೀಡುವುದು. ಆಗ ಉತ್ತರ ಅನುಬಂಧವಾಗಿ, ಕೋಷ್ಟಕದಲ್ಲಿ ಬರುತ್ತದೆ. ಮಂಜೂರಾದದ್ದು ಹನ್ನೆರಡು, ಮುಗಿದದ್ದು ಐದು, ಬಿಡುಗಡೆಯಾದದ್ದು ಪೂರ್ತಿ ಹಣ ಎಂದು ಕೋಷ್ಟಕವೇ ಹೇಳುತ್ತಿದ್ದರೆ ಉಪಪ್ರಶ್ನೆಗೆ ಬೇರೆ ಸಿದ್ಧತೆ ಬೇಕಿಲ್ಲ. ಸಚಿವರು 'ಮೂರು ತಿಂಗಳೊಳಗೆ ಮುಗಿಸುತ್ತೇವೆ' ಎಂದ ತಕ್ಷಣ ಅದು ಭರವಸೆಯಾಗಿ ಕಡತಕ್ಕೆ ಸೇರುತ್ತದೆ, ಭರವಸೆಗಳ ಸಮಿತಿ ಇಲಾಖೆಯನ್ನು ಬೆನ್ನುಹತ್ತುತ್ತದೆ. ತಪ್ಪು ಮಾಹಿತಿ ಕೊಟ್ಟಿದ್ದರೆ ಹಕ್ಕುಚ್ಯುತಿಯ, ಅಂದರೆ ಸದನದ ಹಕ್ಕಿಗೆ ಧಕ್ಕೆ ತಂದರೆಂದು ದೂರುವ, ದಾರಿ ಇದೆ. ಇದೇ ಮಾತನ್ನು ಕ್ಷೇತ್ರದಲ್ಲಿ ಎಂಜಿನಿಯರಿಗೆ ಫೋನಿನಲ್ಲಿ ಹೇಳಿದರೆ ದಾಖಲೆ ಯಾವುದು? ಆ ಎಂಜಿನಿಯರ್ ವರ್ಗವಾದ ದಿನ ಮಾತೂ ವರ್ಗವಾಗುತ್ತದೆ.

ತುರ್ತು ವಿಷಯಕ್ಕೆ ವಿಧಾನಸಭೆಯಲ್ಲಿ ಉಳಿದ ಕಲಾಪ ಬದಿಗಿಟ್ಟು ಚರ್ಚಿಸಲು ಕೋರುವ ನಿಯಮ 60ರ ನಿಲುವಳಿ ಸೂಚನೆ, ನಿಯಮ 69ರ ಚರ್ಚೆ, ನಿಯಮ 73ರ ಗಮನ ಸೆಳೆಯುವ ಸೂಚನೆ, ಶೂನ್ಯ ವೇಳೆ ಎಲ್ಲವೂ ಇವೆ. ಇವೆಲ್ಲ ಸದನ ಸೇರಿದರೆ ಮಾತ್ರ. ವರ್ಷಕ್ಕೆ ಕನಿಷ್ಠ 60 ದಿನ ಕಲಾಪ ನಡೆಯಬೇಕೆಂದು ನಮ್ಮದೇ ಶಾಸಕಾಂಗ 2005ರಲ್ಲಿ ಕಾಯ್ದೆ ಮಾಡಿತು. ಆ ಅರವತ್ತು ತುಂಬದ ವರ್ಷಗಳೇ ಹೆಚ್ಚು. ತಾವೇ ಮಾಡಿದ ಕಾಯ್ದೆ ಪಾಲನೆಯಾಗಲಿ ಎಂದು ಪಟ್ಟು ಹಿಡಿಯುವುದಕ್ಕಿಂತ ದೊಡ್ಡ ಜನಸೇವೆ ಶಾಸಕರಿಗೆ ಇನ್ಯಾವುದಿದೆ?

ಅಧಿವೇಶನ ಮುಗಿದ ಮೇಲೆ ರಾಜಧಾನಿಯಲ್ಲಿ ಕೆಲಸವಿಲ್ಲ ಎನ್ನುವವರಿಗೆ ಸಮಿತಿಗಳ ಪರಿಚಯವಿಲ್ಲ. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿಗಳ ಮೇಲೆ ಇಲಾಖಾ ಕಾರ್ಯದರ್ಶಿಗಳನ್ನು ಕೂರಿಸಿ ವಿವರಣೆ ಕೇಳುವುದು ಸಾರ್ವಜನಿಕ ಲೆಕ್ಕಪತ್ರ ಸಮಿತಿ. ಅಲ್ಲಿ ಗದ್ದಲವಿಲ್ಲ, ಕ್ಯಾಮೆರಾ ಇಲ್ಲ, ಕಂಡಿಕೆ ಕಂಡಿಕೆಯಾಗಿ ಓದಿಕೊಂಡು ಬಂದವರ ಮಾತಷ್ಟೇ ನಡೆಯುತ್ತದೆ. ಬೆಂಗಳೂರು ನಗರ ಜಿಲ್ಲೆಯ ಭೂ ಒತ್ತುವರಿಯನ್ನು ಸರ್ವೆ ನಂಬರ್ ಸಮೇತ ಬಯಲಿಗೆಳೆದದ್ದು 2005ರಲ್ಲಿ ರಚನೆಯಾದ, ಎ.ಟಿ. ರಾಮಸ್ವಾಮಿ ಅಧ್ಯಕ್ಷತೆಯ ಜಂಟಿ ಸದನ ಸಮಿತಿ. ಅವರು ಆಗ ಅರಕಲಗೂಡಿನ ಶಾಸಕರು. ಬೆಂಗಳೂರಿನ ಕೆರೆ ಒತ್ತುವರಿಯ ಸಮಿತಿಯನ್ನು ಮುನ್ನಡೆಸಿದ ಕೆ.ಬಿ. ಕೋಳಿವಾಡ ರಾಣೆಬೆನ್ನೂರಿನವರು. ತಮ್ಮ ಕ್ಷೇತ್ರಕ್ಕೆ ಒಂದು ಓಟೂ ತಾರದ ಈ ಕೆಲಸವನ್ನು ಇಬ್ಬರೂ ಮಾಡಿದರು. ಇಡೀ ರಾಜ್ಯಕ್ಕೆ ಶಾಸಕರಾಗುವುದು ಹೀಗೆ.

ಇನ್ನೊಂದು ಸಮಿತಿಯ ಹೆಸರು ಬಹಳ ಮಂದಿ ಕೇಳಿಯೇ ಇರುವುದಿಲ್ಲ: ಅಧೀನ ಶಾಸನ ರಚನಾ ಸಮಿತಿ. ಕಾಯ್ದೆಯ ಕೊನೆಯಲ್ಲಿ 'ಸರ್ಕಾರವು ನಿಯಮಗಳನ್ನು ರಚಿಸತಕ್ಕದ್ದು' ಎಂಬ ಒಂದು ಪ್ರಕರಣ ಇರುತ್ತದೆ. ಜನರ ನಿತ್ಯದ ಗೋಳೆಲ್ಲ ಹುಟ್ಟುವುದು ಆ ನಿಯಮಗಳಲ್ಲಿ. ಯಾವ ನಮೂನೆ, ಯಾವ ಶುಲ್ಕ, ಯಾರ ಸಹಿ, ಎಷ್ಟು ದಿನ. ಅವು ಸದನದ ಮುಂದೆ ಮಂಡನೆಯಾಗುತ್ತವೆ, ತಿದ್ದುವ ಅಧಿಕಾರ ಸದನಕ್ಕಿದೆ. ಓದುವವರು ಬೇಕು. ಅರ್ಜಿಯಲ್ಲಿನ ಒಂದು ಅನವಶ್ಯಕ ಕಾಲಂ ಅಲ್ಲಿ ತೆಗೆಸಿದರೆ ರಾಜ್ಯದ ಎಲ್ಲ ತಾಲ್ಲೂಕು ಕಚೇರಿಗಳ ಸಾಲು ಮೊಟಕಾಗುತ್ತದೆ. ಮನೆ ಬಾಗಿಲಿಗೆ ಬಂದ ಒಬ್ಬೊಬ್ಬರಿಗೂ ಲೆಟರ್‌ಹೆಡ್ಡಿನಲ್ಲಿ ಶಿಫಾರಸು ಬರೆದುಕೊಟ್ಟು ಐದು ವರ್ಷ ಕಳೆದರೂ ಆ ಸಾಲು ಹಾಗೇ ಇರುತ್ತದೆ.

ಹಿಂದುಳಿದ ಪ್ರದೇಶದವರಿಗಂತೂ ಸದನವೇ ಗತಿ. ಪ್ರಾದೇಶಿಕ ಅಸಮತೋಲನ ಅಧ್ಯಯನ ಮಾಡಿದ ಡಾ. ನಂಜುಂಡಪ್ಪ ಸಮಿತಿ 2002ರಲ್ಲಿ 114 ತಾಲ್ಲೂಕುಗಳು ಹಿಂದುಳಿದಿವೆ ಎಂದಿತು, ಅದರಲ್ಲಿ 39 ಅತ್ಯಂತ ಹಿಂದುಳಿದವು. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ 371ಜೆ ವಿಧಿ ಬಂದದ್ದು ಸಂವಿಧಾನಕ್ಕೆ 98ನೇ ತಿದ್ದುಪಡಿಯಾದ ಮೇಲೆ. ಇವೆರಡನ್ನೂ ಸದನದಲ್ಲಿ ಮತ್ತೆ ಮತ್ತೆ ಹಿಡಿದು ಜಗ್ಗದಿದ್ದರೆ ಅನುದಾನದ ಲೆಕ್ಕ ಕಾಗದದಲ್ಲೇ ಉಳಿಯುತ್ತದೆ. ಬೀದರಿನಿಂದ ಬೆಂಗಳೂರಿಗೆ ಸುಮಾರು 700 ಕಿ.ಮೀ. ಅಷ್ಟು ದೂರದ ರೈತ ವಿಧಾನಸೌಧಕ್ಕೆ ಬರಲಾರ ಎಂದೇ ಅವನ ಪರವಾಗಿ ಒಬ್ಬರನ್ನು ಆರಿಸಿ ಕಳಿಸಿರುವುದು.

ಶಾಂತವೇರಿ ಗೋಪಾಲಗೌಡರ ಹೆಸರು ಇಂದಿಗೂ ಉಳಿದಿರುವುದು ಯಾವ ಕಾರಣಕ್ಕೆ? 1951ರ ಕಾಗೋಡು ಸತ್ಯಾಗ್ರಹದ ಬೆನ್ನಲ್ಲೇ, 1952ರಲ್ಲಿ, ಸಾಗರ-ಹೊಸನಗರದಿಂದ ಗೆದ್ದು ಬಂದು, ಗೇಣಿದಾರರ ಪ್ರಶ್ನೆಯನ್ನು ಸದನದಲ್ಲಿ ಬಿಡದೆ ಎತ್ತಿದರು. ಉಳುವವನಿಗೆ ಭೂಮಿ ಎಂಬುದು ಕಾನೂನಾಗಿ ಗಟ್ಟಿಯಾದದ್ದು ಭೂಸುಧಾರಣಾ ಕಾಯ್ದೆಯ 1974ರ ತಿದ್ದುಪಡಿಯಲ್ಲಿ. ಆ ತಿದ್ದುಪಡಿ ಯಾವ ಜಾತ್ರೆಯ ವೇದಿಕೆಯಲ್ಲೂ ಆಗುವಂಥದ್ದಲ್ಲ.

ಹಾಗಾದರೆ ಊರಿನ ಚರಂಡಿ, ಬೀದಿದೀಪ ಯಾರ ಪಾಲು? ಪಂಚಾಯಿತಿಯ ಪಾಲು. ಸಚಿವರಾಗಿದ್ದ ಅಬ್ದುಲ್ ನಜೀರ್‌ಸಾಬ್ ಜಿಲ್ಲಾ ಪರಿಷತ್ತುಗಳನ್ನು ಕಟ್ಟಿ 1987ರಲ್ಲಿ ಚುನಾವಣೆ ನಡೆಯುವಂತೆ ಮಾಡಿದ್ದು ಇದಕ್ಕಾಗಿಯೇ. ಪ್ರಮಾಣಪತ್ರ, ಖಾತೆ, ಪಹಣಿಗೆ ಸಕಾಲ ಕಾಯ್ದೆ ಇದೆ. ತಡವಾದರೆ ದಿನಕ್ಕೆ ₹20ರಂತೆ ₹500ರವರೆಗೆ ಪರಿಹಾರ ಕೇಳುವ ಹಕ್ಕೂ ಇದೆ. ಹಕ್ಕಿನಿಂದ ಸಿಗಬೇಕಾದುದನ್ನು ಶಾಸಕರ ಕೃಪೆಯಿಂದ ಸಿಗುವಂತೆ ಮಾಡಿಟ್ಟರೆ ಕಾಯ್ದೆ ಸಾಯುತ್ತದೆ, ಶಾಸಕರ ಮನೆ ಮುಂದಿನ ಗುಂಪು ಬೆಳೆಯುತ್ತದೆ.

ವಿರೋಧ: ಕ್ಷೇತ್ರ ಬಿಟ್ಟರೆ ಕೇಳುವವರಿಲ್ಲ

ಸದನದ ಕೆಲಸ ಬೇಡವೆಂದು ಯಾರೂ ಹೇಳಲಾರರು, ನಾನೂ ಹೇಳುವುದಿಲ್ಲ. ಸಮಿತಿಗಳ ವಿಷಯದಲ್ಲಿ ಎದುರು ಪಕ್ಷದೊಂದಿಗೆ ನನ್ನ ತಕರಾರು ಕಡಿಮೆಯೇ. ನನಗೆ ವಹಿಸಿದ ವಾದ 'ಕ್ಷೇತ್ರವೇ ಮೊದಲು' ಎಂಬುದು, ಅದಕ್ಕೆ ಗಟ್ಟಿ ಕಾರಣಗಳಿವೆ.

ಸದನ ಎಂದರೆ ಜನ ಟಿ.ವಿ.ಯಲ್ಲಿ ನೋಡುವುದು ಏನನ್ನು? ಬಾವಿಗಿಳಿದು ಧರಣಿ, ಹರಿದ ಕಾಗದ, ಗದ್ದಲದ ನಡುವೆ ಧ್ವನಿಮತದಿಂದ ಅಂಗೀಕಾರವಾಗುವ ವಿಧೇಯಕ, ಮುಂದೂಡಿಕೆ. ಬೆಳಗಾವಿಯಲ್ಲಿ 2012ರಲ್ಲಿ ಸುವರ್ಣ ವಿಧಾನಸೌಧ ಉದ್ಘಾಟನೆಯಾಯಿತು. ಉತ್ತರ ಕರ್ನಾಟಕದ ಚರ್ಚೆಗೆಂದೇ ಅಲ್ಲಿ ಅಧಿವೇಶನ ಕರೆದು, ಆ ಚರ್ಚೆಯನ್ನು ಕೊನೆಯ ದಿನಗಳಿಗೆ ತಳ್ಳುವುದನ್ನು ಎಷ್ಟು ಸಲ ನೋಡಿಲ್ಲ? ಮೇಲಾಗಿ 1985ರಲ್ಲಿ ಪಕ್ಷಾಂತರ ತಡೆಯುವ ಹತ್ತನೇ ಅನುಸೂಚಿ ಸಂವಿಧಾನಕ್ಕೆ ಸೇರಿದ ಮೇಲೆ ವಿಪ್, ಅಂದರೆ ಪಕ್ಷದ ಆದೇಶ, ಮೀರಿ ಮತ ಹಾಕಿದವರ ಸದಸ್ಯತ್ವಕ್ಕೇ ಕುತ್ತು. ಕೈ ಎತ್ತುವುದು ಪಕ್ಷ ಹೇಳಿದಂತೆ ಎಂದಾದಮೇಲೆ ಅಲ್ಲಿ ಕೂತು ಮಾಡುವುದೇನು ಎಂದು ಮತದಾರ ಕೇಳಿದರೆ ತಪ್ಪೆ?

ಪಂಚಾಯಿತಿ ನೋಡಿಕೊಳ್ಳಲಿ ಎನ್ನುವ ಮಾತು ಕೇಳಲು ಚೆನ್ನ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆದು, 2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳೇ ಗತಿಯಾದರು. ಗ್ರಾಮ ಪಂಚಾಯಿತಿಗೂ ರಾಜ್ಯಕ್ಕೂ ನಡುವೆ ಜನ ಆರಿಸಿದ ಒಬ್ಬರೂ ಇಲ್ಲದಿದ್ದಾಗ ಉಳಿಯುವುದು ಶಾಸಕರೇ.

ಕಾನೂನೇ ಶಾಸಕರನ್ನು ತಾಲ್ಲೂಕಿನಲ್ಲಿ ಕೂರಿಸಿದೆ ಎಂಬುದನ್ನು ಎದುರು ಪಕ್ಷ ಹೇಳುವುದೇ ಇಲ್ಲ. ಅನುಮತಿಯಿಲ್ಲದೆ ಸರ್ಕಾರಿ ಜಮೀನು ಉಳುತ್ತಿರುವವರ ಸಾಗುವಳಿಯನ್ನು ಸಕ್ರಮ ಮಾಡುವ ಬಗರ್‌ಹುಕುಂ ಸಮಿತಿ ಅದಕ್ಕೆ ಸಾಕ್ಷಿ. ಕ್ಷೇತ್ರದ ಶಾಸಕರು ಅಧ್ಯಕ್ಷರು, ತಹಶೀಲ್ದಾರ್ ಕಾರ್ಯದರ್ಶಿ. ಅಧ್ಯಕ್ಷರು ದಿನಾಂಕ ಕೊಡದಿದ್ದರೆ ಸಭೆಯಿಲ್ಲ. ಸಭೆಯಿಲ್ಲದಿದ್ದರೆ ಸಕ್ರಮ ಕೋರಿದ ನಮೂನೆ 50, 53, 57ರ ಅರ್ಜಿಗಳು ಬೀರುವಿನಲ್ಲೇ ಇರುತ್ತವೆ. ಚುನಾವಣೆ ಮುಗಿದ ಮೇಲೆ ಸಮಿತಿಯ ಪುನರ್‌ರಚನೆಗೇ ತಿಂಗಳುಗಟ್ಟಲೆ ಹಿಡಿಯುತ್ತದೆ, ಅದರ ಬೆನ್ನುಬೀಳುವುದೂ ಶಾಸಕರದೇ ಪಾಡು.

ಸಭೆ ಸೇರಿದರೂ ಅದು ಸಹಿ ಹಾಕಿ ಏಳುವ ಕೆಲಸವಲ್ಲ. ನಮೂನೆ 57 ಆದರೆ 2005ರ ಜನವರಿ 1ಕ್ಕೆ ಮೊದಲಿನಿಂದ ಸಾಗುವಳಿಯಲ್ಲಿ ಇದ್ದಾರೆಯೇ, ಈಗಿರುವ ಹಿಡುವಳಿಯೂ ಸೇರಿ 4 ಎಕರೆ 38 ಗುಂಟೆ ಮೀರುತ್ತದೆಯೇ ಎಂದು ನೋಡಬೇಕು. ಪುರಸಭೆ ಗಡಿಯಿಂದ 3 ಕಿ.ಮೀ., ನಗರಸಭೆಯಿಂದ 5, ಬೆಂಗಳೂರಿನಿಂದ 18 ಕಿ.ಮೀ. ಒಳಗಿದ್ದರೆ ಸಕ್ರಮವಿಲ್ಲ. ಗೋಮಾಳವಾದರೆ ನೂರು ಜಾನುವಾರಿಗೆ 30 ಎಕರೆ ಉಳಿಯಬೇಕು. ಅಲ್ಲಿ ಜಾನುವಾರು ಗಣತಿಯ ಯಾವ ಸಂಖ್ಯೆ ಹಿಡಿದಿದ್ದಾರೆ ಎಂಬುದರ ಮೇಲೆ ಒಂದು ಊರಿನ ಅರ್ಜಿಗಳೆಲ್ಲ ನಿಲ್ಲಬಹುದು, ಬೀಳಬಹುದು. ಕಂದಾಯ ನಿರೀಕ್ಷಕರ ವರದಿಯಲ್ಲಿ 'ಸಾಗುವಳಿ ಕಂಡುಬಂದಿಲ್ಲ' ಎಂದು ಒಂದೇ ಕೈಬರಹದಲ್ಲಿ ಹತ್ತಾರು ಕಡತಕ್ಕೆ ಬರೆದಿದ್ದರೆ ಅದನ್ನು ಗುರುತಿಸಿ ಸ್ಥಳಕ್ಕೆ ಹೋಗಿ ಎನ್ನಬಲ್ಲವರು ಆ ಊರು ಬಲ್ಲವರು ಮಾತ್ರ. ಈಗ ಉಪಗ್ರಹ ಚಿತ್ರ ನೋಡಿ ಸಾಗುವಳಿ ಪರಿಶೀಲಿಸುವ ಆ್ಯಪ್ ಬಂದಿದೆ, ಒಳ್ಳೆಯದೇ. ಆದರೆ ಚಿತ್ರದಲ್ಲಿ ಕಾಣುವ ಹಸಿರು ಅರ್ಜಿದಾರರದೋ, ಅವರನ್ನು ಒಕ್ಕಲೆಬ್ಬಿಸಿ ಉಳುತ್ತಿರುವ ಪಕ್ಕದವರದೋ ಎಂಬುದನ್ನು ಚಿತ್ರ ಹೇಳುವುದಿಲ್ಲ.

ಮಂಜೂರಾತಿಯ ನಂತರದ್ದು ಇನ್ನೂ ಕಷ್ಟ. ಜಮೀನಿನ ಕಿಮ್ಮತ್ತು ಕಟ್ಟಬೇಕು, ಮಂಜೂರಾತಿಯ ದಾಖಲೆಯಾದ ಸಾಗುವಳಿ ಚೀಟಿ ಸಿಗಬೇಕು, ಅಳತೆಯಾಗಿ ಪೋಡಿಯಾಗಬೇಕು, ಅಂದರೆ ಜಮೀನು ಬೇರೆ ತುಂಡಾಗಿ ದಾಖಲಾಗಬೇಕು, ಪಹಣಿಯಲ್ಲಿ ಹೆಸರು ಬರಬೇಕು. ಪಹಣಿ ಬಾರದೆ ಬೆಳೆಸಾಲವಿಲ್ಲ. ಒಂದೇ ಸರ್ವೆ ನಂಬರಿನಲ್ಲಿ ಇರುವ ವಿಸ್ತೀರ್ಣಕ್ಕಿಂತ ಹೆಚ್ಚು ಜಮೀನು ಹಿಂದೆಯೇ ಹಲವರಿಗೆ ಮಂಜೂರಾಗಿದ್ದರೆ ಎಲ್ಲರ ಪೋಡಿಯೂ ಒಟ್ಟಿಗೆ ನಿಲ್ಲುತ್ತದೆ. ಆಗ ಮೂಲ ಮಂಜೂರಾತಿ ಕಡತ ಹುಡುಕಿಸಬೇಕು. ಅದು ಸಿಗದಿದ್ದರೆ ಸಾಗುವಳಿ ಚೀಟಿ ವಿತರಣಾ ವಹಿಯನ್ನಾದರೂ ತೆಗೆಸಿ, ಅನುಭವದಲ್ಲಿ ಯಾರಿದ್ದಾರೆಂದು ಸ್ಥಳದಲ್ಲೇ ಎಲ್ಲರನ್ನೂ ಕೂರಿಸಿ ಒಪ್ಪಿಸಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ. 1974ರ ತಿದ್ದುಪಡಿಯ ಮಾತು ಬಂತಲ್ಲ, ಆಗಲೂ ಗೇಣಿದಾರರು ಭೂಮಿ ಕೋರಿ ನಮೂನೆ 7ರ ಅರ್ಜಿ ಕೊಟ್ಟದ್ದು, ಭೂ ನ್ಯಾಯಮಂಡಳಿ ವಿಚಾರಣೆ ನಡೆಸಿದ್ದು ತಾಲ್ಲೂಕಿನಲ್ಲೇ.

ಇದೇ ಬಗೆಯಲ್ಲಿ ವಸತಿ ಫಲಾನುಭವಿಗಳ ಆಶ್ರಯ ಸಮಿತಿ ಇದೆ, ತಾಲ್ಲೂಕು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿ ಇದೆ, ಇಲಾಖೆಗಳ ಕೆಲಸದ ಪ್ರಗತಿ ಪರಿಶೀಲಿಸುವ ತಾಲ್ಲೂಕು ಮಟ್ಟದ ಕೆಡಿಪಿ ಸಭೆ ಇದೆ. ಕೆಡಿಪಿಯಲ್ಲಿ ಇಲಾಖೆಗಳು ಭೌತಿಕ ಪ್ರಗತಿ ಒಂದು, ಆರ್ಥಿಕ ಪ್ರಗತಿ ಒಂದು ಎಂದು ಎರಡು ಅಂಕಿ ಹಿಡಿದು ಬರುತ್ತವೆ. ಹಣ ಶೇ 90 ಖರ್ಚಾಗಿ ಕೆಲಸ ಶೇ 40 ಆಗಿದ್ದರೆ ಅದನ್ನು ಮೊದಲು ಹಿಡಿಯಬಹುದಾದ ಜಾಗ ಇದು. ಹಿಂದಿನ ಸಭೆಯ ತೀರ್ಮಾನಗಳು ಏನಾದವು ಎಂದು ಹೇಳುವ ಅನುಪಾಲನಾ ವರದಿಯಿಂದಲೇ ಶುರು ಮಾಡಬೇಕು, ಅಧಿಕಾರಿ ತಮ್ಮ ಬದಲು ಕಿರಿಯರನ್ನು ಕಳಿಸಿದ್ದರೆ ಆ ಇಲಾಖೆಯ ವಿಷಯವನ್ನು ಅವರೇ ಬರುವವರೆಗೆ ಮುಗಿದದ್ದೆಂದು ಬರೆಸಬಾರದು. ಮೂರು ಸಭೆ ತಪ್ಪಿಸಿದ ಶಾಸಕರ ತಾಲ್ಲೂಕಿನಲ್ಲಿ ನಾಲ್ಕನೆಯದಕ್ಕೆ ಅನುಪಾಲನಾ ವರದಿಯನ್ನೇ ಯಾರೂ ತಯಾರಿಸಿರುವುದಿಲ್ಲ.