ಕೂಡುರಸ್ತೆಯಿಂದ 25 ಮೀಟರ್ ದೂರದ ತೃಪ್ತಿಕರ ಗಾಳಿ

ಸಿಗ್ನಲ್‌ನಲ್ಲಿ ಕೆಂಪು ದೀಪಕ್ಕೆ ಕಾಯುತ್ತ, ಮುಂದಿದ್ದ ಲಾರಿಯ ಸೈಲೆನ್ಸರ್ ನೇರವಾಗಿ ಮುಖಕ್ಕೆ ಊದುತ್ತಿದ್ದ ಹೊಗೆಯಲ್ಲಿ ಕೆಮ್ಮುತ್ತ ನಾನು ಮೊಬೈಲ್ ತೆರೆದು ನೋಡಿದರೆ, ಅದು ಹಸಿರು ಬಣ್ಣದಲ್ಲಿ ‘ಗಾಳಿಯ ಗುಣಮಟ್ಟ ತೃಪ್ತಿಕರ’ ಎಂದು ಸಾರುತ್ತಿತ್ತು. ಯಾರಿಗೆ ತೃಪ್ತಿಯಾಯಿತು ಎಂಬುದನ್ನು ಮಾತ್ರ ಹೇಳಲಿಲ್ಲ. ಓದುಗರಿಗೆ ಈ ಅನುಭವ ಹೊಸದೇನಲ್ಲವಾದ್ದರಿಂದ ಅದನ್ನು ಬೆಳೆಸುವುದಿಲ್ಲ. ಕೆಮ್ಮುವವನಿಗೂ ಅಳೆಯುವವನಿಗೂ ನಡುವೆ ಇಷ್ಟೊಂದು ಅಂತರ ಹೇಗೆ ಬಂತು ಎಂಬುದಷ್ಟೇ ನನ್ನ ಕುತೂಹಲ.

ಅಂತರ ಎಂದದ್ದು ಅಲಂಕಾರಕ್ಕಲ್ಲ. ಅದಕ್ಕೆ ಟೇಪು ಹಿಡಿದ ಲೆಕ್ಕವೇ ಇದೆ. ವಾಹನಗಳ ಮಾಲಿನ್ಯವನ್ನು ಅಳೆಯಲೆಂದೇ ಇಡುವ ಯಂತ್ರವು ದೊಡ್ಡ ಕೂಡುರಸ್ತೆಯ ಅಂಚಿನಿಂದ ಕನಿಷ್ಠ 25 ಮೀಟರ್ ದೂರದಲ್ಲಿರಬೇಕೆಂದು ಐರೋಪ್ಯ ಒಕ್ಕೂಟದ 2008ರ ನಿರ್ದೇಶನ ವಿಧಿಸುತ್ತದೆ. ಯಂತ್ರವು ಒಂದು ಮೂಲೆಯ ಗಾಳಿಯನ್ನಲ್ಲ, ಕನಿಷ್ಠ 100 ಮೀಟರ್ ಉದ್ದದ ಬೀದಿಯ ಗಾಳಿಯನ್ನು ಪ್ರತಿನಿಧಿಸಬೇಕಂತೆ. ತಕರಾರಿಲ್ಲ, ಶಾಸ್ತ್ರ ಸರಿಯಾಗಿಯೇ ಇದೆ. ಆದರೆ ವಾಹನಗಳು ನಿಂತು ಗುರುಗುಡುವುದು, ಬ್ರೇಕು ಒತ್ತುವುದು, ದೀಪ ಹಸಿರಾದೊಡನೆ ಒಟ್ಟಿಗೆ ಹೊಗೆ ಕಾರುತ್ತ ಮುನ್ನುಗ್ಗುವುದು ಎಲ್ಲವೂ ಆ ಮೂಲೆಯಲ್ಲೇ. ರಸ್ತೆ ದಾಟುವ ಮನುಷ್ಯನೂ, ಪಾಪ, ನಿರ್ದೇಶನವನ್ನು ಓದಿಕೊಳ್ಳದೆ ಅಲ್ಲೇ ನಿಂತಿರುತ್ತಾನೆ.

ಇನ್ನು ಅಳತೆಯ ವೈಭವವನ್ನು ನೋಡಬೇಕು. 2.5 ಮೈಕ್ರೋಮೀಟರಿನ ಆಸುಪಾಸಿನ ಮತ್ತು ಅದಕ್ಕಿಂತ ಚಿಕ್ಕ ಕಣಗಳನ್ನು ಮಾತ್ರ ಒಳಗೆ ಬಿಡುವ ಬಾಯಿಯ ಮೂಲಕ ನಿಮಿಷಕ್ಕೆ 16.7 ಲೀಟರ್ ಗಾಳಿಯನ್ನು ಎಳೆದು, ದಿನಕ್ಕೆ ಸುಮಾರು 24 ಘನ ಮೀಟರ್ ಗಾಳಿಯನ್ನು 47 ಮಿಲಿಮೀಟರ್ ಅಗಲದ ಬಿಳಿಯ ಫಿಲ್ಟರಿನಲ್ಲಿ ಸೋಸುತ್ತಾರೆ. ಆ ಫಿಲ್ಟರನ್ನು ಬೆರಳು ತಾಕದಂತೆ ಚಿಮಟದಲ್ಲಿ ಹಿಡಿದು, ಉಷ್ಣತೆ ಮತ್ತು ತೇವವನ್ನು ಹದದಲ್ಲಿಟ್ಟ ಕೋಣೆಯಲ್ಲಿ ಒಂದಿಡೀ ದಿನ ವಿಶ್ರಾಂತಿಗೆ ಮಲಗಿಸಿ, ಆಮೇಲೆ ಮೈಕ್ರೋಗ್ರಾಂ ಲೆಕ್ಕದ ತಕ್ಕಡಿಯಲ್ಲಿ ತೂಗುತ್ತಾರೆ. ರಸ್ತೆಯ ಧೂಳಿಗೆ ಸಿಗುವ ಈ ಹವಾನಿಯಂತ್ರಿತ ಆತಿಥ್ಯವು ಅದೇ ಧೂಳನ್ನು ಅದೇ ದಿನ ಉಸಿರಾಡಿದವನಿಗೆ ಸಿಕ್ಕ ಉದಾಹರಣೆ ನನಗೆ ತಿಳಿದಿಲ್ಲ.

ತಮಾಷೆ ನಿಜವಾಗಿ ಶುರುವಾಗುವುದು ಈ ತಕ್ಕಡಿಯಿಂದಲೇ. 2.5 ಮೈಕ್ರೋಮೀಟರಿನ ಒಂದೇ ಒಂದು ಕಣದಷ್ಟು ತೂಗಬೇಕಾದರೆ 0.1 ಮೈಕ್ರೋಮೀಟರಿನ, ಅದೇ ಸಾಂದ್ರತೆಯ, 15,625 ಕಣಗಳು ಬೇಕು. ಇಂಜಿನ್ನಿನಿಂದ ಹೊರಬೀಳುವ ಕಣಗಳಲ್ಲಿ ಎಣಿಕೆಗೆ ಹೆಚ್ಚಿರುವುದು ಈ ಪುಡಿಸೇನೆಯೇ. ಶ್ವಾಸಕೋಶದ ಆಳಕ್ಕೆ ಹೋಗುವುದರಲ್ಲೂ, ಅಲ್ಲಿಂದ ರಕ್ತಕ್ಕೆ ನುಸುಳುವ ಸಾಮರ್ಥ್ಯದಲ್ಲೂ ಅದನ್ನು ಹಗುರಾಗಿ ತೆಗೆದುಕೊಳ್ಳುವಂತಿಲ್ಲ. ತಕ್ಕಡಿಯಲ್ಲಿ ಮಾತ್ರ ಅದು ಹಗುರ. ಸೊಳ್ಳೆಯ ಕಾಟವನ್ನು ಸೊಳ್ಳೆಗಳ ಒಟ್ಟು ತೂಕದಿಂದ ನಿರ್ಧರಿಸಿ, ಎಲ್ಲ ಸೇರಿ ಒಂದು ಇಲಿಯಷ್ಟೂ ತೂಗಲಿಲ್ಲ, ಆದ್ದರಿಂದ ನೆಮ್ಮದಿಯಾಗಿ ನಿದ್ದೆ ಮಾಡಿ ಎಂದಂತಾಯಿತು. ತೂಕ ಬೇಡ, ಎಣಿಸೋಣ ಎಂದು ಮುಂದೆ ಬಂದ ಯುರೋ ನಿಯಮಗಳನ್ನೂ, ಅಂದರೆ ವಾಹನದ ಹೊಗೆಗೆ ಐರೋಪ್ಯ ಒಕ್ಕೂಟ ಹಂತಹಂತವಾಗಿ ಹಾಕಿದ ಮಿತಿಗಳನ್ನೂ, ಮೆಚ್ಚಲೇಬೇಕು. ಅವು ಒಂದು ಕಾರಿಗೆ ಕಿಲೋಮೀಟರಿಗೆ ಕೇವಲ 60,000 ಕೋಟಿ ಕಣಗಳನ್ನು ಉಗುಳುವ ಅವಕಾಶ ಕೊಟ್ಟಿವೆ. ಎಣಿಸುವ ಮೊದಲು ಹೊಗೆಯನ್ನು ಚೆನ್ನಾಗಿ ಕಾಯಿಸಿ, ಆವಿಯಾಗಬಲ್ಲ ಕಣಗಳನ್ನು ಓಡಿಸಲಾಗುತ್ತದೆ. ಉಳಿದವುಗಳಲ್ಲೂ ಯುರೋ 6ರ ತನಕ 23 ನ್ಯಾನೋಮೀಟರಿಗಿಂತ (ಸಾವಿರ ನ್ಯಾನೋಮೀಟರ್ ಸೇರಿದರೆ ಒಂದು ಮೈಕ್ರೋಮೀಟರ್) ಚಿಕ್ಕವು ಆಟಕ್ಕುಂಟು, ಲೆಕ್ಕಕ್ಕಿಲ್ಲ. ಯುರೋ 7 ಆ ಗೆರೆಯನ್ನು 10 ನ್ಯಾನೋಮೀಟರಿಗೆ ಇಳಿಸಿ, ಇಷ್ಟು ದಿನ ಸವೆದು ಗಾಳಿಗೆ ಹಾರುತ್ತಿದ್ದ ಬ್ರೇಕಿನ ಪುಡಿಗೂ ಮೊದಲ ಬಾರಿಗೆ ಮಿತಿ ಹಾಕಿದೆ. ಬೆಂಕಿಯಿಲ್ಲದೆ ಹೊಗೆಯಾಡದು ಎಂಬ ಗಾದೆಯನ್ನು ನಂಬಿಕೊಂಡು, ಹೊಗೆಯಿಲ್ಲದೆ ಏಳುವ ಧೂಳನ್ನು ಇಷ್ಟು ವರ್ಷ ಯಾರೂ ಕೇಳಿರಲಿಲ್ಲ.

ವಾಹನದ ಹೊಗೆ ತಪಾಸಣೆಯೂ ಇದೇ ಕುಲದ್ದು. ಹೊಗೆಯೊಳಗೆ ಬೆಳಕು ಹಾಯಿಸಿ ಎಷ್ಟು ಮಸುಕಾಯಿತೆಂದು ನೋಡುವ ಯಂತ್ರಕ್ಕೆ, ಬೆಳಕಿನ ತರಂಗಕ್ಕಿಂತ ಎಷ್ಟೋ ಚಿಕ್ಕದಾದ ಕಣಗಳು ಸರಿಯಾಗಿ ಕಾಣುವುದೇ ಇಲ್ಲ. ಒಳಗಿನ ಫಿಲ್ಟರನ್ನು ಕಿತ್ತೆಸೆದ ಡೀಸೆಲ್ ಗಾಡಿಯೂ ಅದರ ಮುಂದೆ ಸಾಧುವಿನಂತೆ ನಿಂತು ಪ್ರಮಾಣಪತ್ರ ಪಡೆದು ಹೋಗಬಹುದು. ಬೆಲ್ಜಿಯಂ, ನೆದರ್ಲೆಂಡ್ಸ್ ಮತ್ತು ಜರ್ಮನಿಗಳು ತಪಾಸಣೆಯಲ್ಲಿ ಕಣ ಎಣಿಸುವ ಯಂತ್ರವನ್ನು ಕಡ್ಡಾಯ ಮಾಡಿದ್ದು 2022 ಮತ್ತು 2023ರಲ್ಲಿ. ಕಣ್ಣಿಗೆ ಮಣ್ಣೆರಚುವುದು ಎಂಬ ಮಾತನ್ನು ಯಂತ್ರದ ಕಣ್ಣಿಗೂ ಅನ್ವಯಿಸಬಹುದೆಂದು ಭಾಷಾತಜ್ಞರು ದಯವಿಟ್ಟು ಗುರುತು ಹಾಕಿಕೊಳ್ಳಬೇಕು.

ಇಷ್ಟೆಲ್ಲ ಸೂಕ್ಷ್ಮ ಉಪಾಯಗಳಿರುವಾಗ ಒರಟು ಉಪಾಯಕ್ಕೆ ಕೈಹಾಕುವವರನ್ನು ಕಂಡರೆ ಅಯ್ಯೋ ಎನಿಸುತ್ತದೆ. ಚೀನಾದ ಷಿಯಾನ್ ನಗರದಲ್ಲಿ ಪರಿಸರ ಇಲಾಖೆಯ ಅಧಿಕಾರಿಗಳೇ ಮಾಪನ ಕೇಂದ್ರಕ್ಕೆ ನುಗ್ಗಿ, ಯಂತ್ರದ ಬಾಯಿಗೆ ಹತ್ತಿ ತುರುಕಿ ಗಾಳಿಯನ್ನು ಶುದ್ಧಗೊಳಿಸಿದರು. 2017ರಲ್ಲಿ ನ್ಯಾಯಾಲಯ ಅವರಿಗೆ ಜೈಲು ಶಿಕ್ಷೆ ವಿಧಿಸಿತು. ಅವರ ತಪ್ಪು ಹತ್ತಿಯದಲ್ಲ, ಅಂಕಗಣಿತದ ಅಜ್ಞಾನದ್ದು. ದಿನದ 23 ಗಂಟೆ ಪ್ರತಿ ಘನ ಮೀಟರ್ ಗಾಳಿಯಲ್ಲಿ 2.5 ಮೈಕ್ರೋಮೀಟರ್ ವರೆಗಿನ ಕಣಗಳು 10 ಮೈಕ್ರೋಗ್ರಾಂ ಇದ್ದು, ಜನರೆಲ್ಲ ರಸ್ತೆಯಲ್ಲಿ ಸಿಕ್ಕಿಬಿದ್ದ ಆ ಒಂದು ಗಂಟೆ 130 ಇದ್ದರೂ, ದಿನದ ಸರಾಸರಿ ಸರಿಯಾಗಿ 15. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ದಿನಕ್ಕೆ ಇಟ್ಟ ಮಾರ್ಗದರ್ಶಿ ಮಟ್ಟವೂ 15. ಹತ್ತಿಯ ಖರ್ಚೂ ಇಲ್ಲ, ಜೈಲೂ ಇಲ್ಲ.

ಒಂದು ವಿಷಯದಲ್ಲಿ ಮಾತ್ರ ನನಗೆ ಹಾಸ್ಯ ಬರುವುದಿಲ್ಲ. ಮೊದಲು ಹೇಳಿದ ಅದೇ ನಿರ್ದೇಶನದ ಪ್ರಕಾರ ಯಂತ್ರದ ಬಾಯಿ ಸಾಮಾನ್ಯವಾಗಿ ನೆಲದಿಂದ ಒಂದೂವರೆ ಮೀಟರಿನಿಂದ 4 ಮೀಟರ್ ಎತ್ತರದಲ್ಲಿರಬೇಕು. ಕಾರಿನ ಸೈಲೆನ್ಸರ್ ಇರುವುದು ಮೊಣಕಾಲಿಗಿಂತ ಕೆಳಗೆ. ತಾಯಿಯ ಬೆರಳು ಹಿಡಿದು ರಸ್ತೆ ದಾಟಲು ನಿಂತ ಮೂರು ವರ್ಷದ ಮಗುವಿನ ಮೂಗು ಇರುವುದು ಇವೆರಡರ ನಡುವೆ, ಸೈಲೆನ್ಸರಿಗೆ ಹತ್ತಿರ. ಆ ಎತ್ತರದಲ್ಲಿ ಅಳೆಯಲು ತಂತ್ರಜ್ಞಾನವಿಲ್ಲವೇ? ಇದೆ. ಅಂಗೈಯಲ್ಲಿ ಹಿಡಿಯುವಂಥ ಸಂವೇದಕಗಳಿವೆ. ತೇವ ಹೆಚ್ಚಾದರೆ ಅವು ತಪ್ಪು ಹೇಳುತ್ತವೆ, ನಿಜ, ಆದರೆ ತಿದ್ದಿಕೊಳ್ಳುವ ವಿಧಾನಗಳೂ ಇವೆ. ಅಲ್ಲಿ ಅಳೆದರೆ ಬರುವ ಅಂಕಿಗೆ ಯಾರಾದರೂ ಉತ್ತರ ಕೊಡಬೇಕಾಗುತ್ತದೆ, ಅಷ್ಟೇ. ವರ್ಷಕ್ಕೊಮ್ಮೆ ವರದಿ, ಅದರ ಮೇಲೊಂದು ಸಮಿತಿ, ಸಮಿತಿಯ ಮೇಲೆ ಮತ್ತೊಂದು ವರದಿ; ಇದನ್ನೆಲ್ಲ ಓದಿ ಓದಿ ಸಾಕಾಗಿದೆ.

ಅಷ್ಟರಲ್ಲಿ ದೀಪ ಹಸಿರಾಯಿತು. ಲಾರಿ ಕೊನೆಯದಾಗಿ ಒಂದಿಷ್ಟು ಹೊಗೆ ಬಿಟ್ಟು ಹೊರಟಿತು, ಮೊಬೈಲೂ ಹೊಸ ಮಾಹಿತಿ ತಂದಿತು: ‘ಹೊರಾಂಗಣ ವ್ಯಾಯಾಮಕ್ಕೆ ಸೂಕ್ತ ದಿನ’.