80ನೇ ನಿಮಿಷದ ಮಹಾಪ್ರಸ್ಥಾನ

ಫುಟ್‌ಬಾಲ್ ಪಂದ್ಯ ಯಾವಾಗ ಮುಗಿಯಿತೆಂದು ಹೇಳುವ ಅಧಿಕಾರವನ್ನು ನಿಯಮಾವಳಿ ರೆಫ್ರಿ ಒಬ್ಬನಿಗೇ ಕೊಟ್ಟಿದೆ. ಬಳ್ಳಾರಿಯ ಪ್ರೇಕ್ಷಕರು ಆ ಅಧಿಕಾರವನ್ನು ತಮ್ಮ ವಶಕ್ಕೆ ತೆಗೆದುಕೊಂಡು ಬಹಳ ಕಾಲವಾಯಿತು. 80ನೇ ನಿಮಿಷ ಸಮೀಪಿಸುತ್ತಿದ್ದಂತೆ ಹಿಂದಿನ ಸಾಲಿನಲ್ಲಿ ಯಾರಾದರೊಬ್ಬರು ಎದ್ದು ಪ್ಯಾಂಟಿನ ಕೆಂಧೂಳು ಕೊಡವುತ್ತಾರೆ, ಬೈಕಿನ ಕೀಲಿ ಜೇಬಿನಿಂದ ಹೊರಬರುತ್ತದೆ, “ಇನ್ನೇನೈತಪ್ಪ ನೋಡೋದು, ಮುಗೀತು ನಡಿ” ಎಂಬ ತೀರ್ಪು ಪ್ರಕಟವಾಗುತ್ತದೆ. ಮುಂದಿದ್ದರೆ ಗೆಲುವು ಖಚಿತ, ಹಿಂದಿದ್ದರೆ ಸೋಲು ಖಚಿತ, ಸಮವಾಗಿದ್ದರೆ ಡ್ರಾ ಖಚಿತ. ಹೀಗೆ ಸ್ಕೋರು ಯಾವುದೇ ಇದ್ದರೂ ಎದ್ದು ಹೋಗಲು ಅನುಕೂಲವಾಗುವಂತಹ ತರ್ಕವನ್ನು ಕಂಡುಹಿಡಿದವರಿಗೆ ಯಾವ ಪ್ರಶಸ್ತಿಯೂ ಸಿಕ್ಕಿಲ್ಲವೆಂಬುದು ನನಗೆ ಖೇದದ ಸಂಗತಿ.

ಇಷ್ಟು ಅವಸರವೇಕೆಂದು ಕೇಳಿದರೆ ರೈಲ್ವೆ ಗೇಟಿನ ಹೆಸರು ಹೇಳುತ್ತಾರೆ. ಪಂದ್ಯ ಮುಗಿದ ಮೇಲೆ ಹೊರಟರೆ ಜನಸಂದಣಿಯಲ್ಲಿ ಸಿಕ್ಕಿಹಾಕಿಕೊಳ್ಳಬೇಕಾಗುತ್ತದೆ, ಆದ್ದರಿಂದ ಮೊದಲೇ ಹೊರಡುವುದು ಜಾಣತನ. ಈ ಜಾಣತನ ಏಕಕಾಲಕ್ಕೆ ಎಲ್ಲರಿಗೂ ಹೊಳೆಯುವುದರಿಂದ, ಸಂದಣಿಯೂ ಅವರ ಜೊತೆಯಲ್ಲೇ ಹತ್ತು ನಿಮಿಷ ಮುಂಚಿತವಾಗಿ ಹೊರಟು ಗೇಟಿನ ಬಳಿ ಬಂದು ನಿಲ್ಲುತ್ತದೆ. ಗೇಟು ಮುಚ್ಚಿರುತ್ತದೆ. ಅದಿರು ತುಂಬಿದ ಗೂಡ್ಸ್ ಗಾಡಿಯೊಂದು, ತನಗೆ ಯಾವ ಪಂದ್ಯದ ಗೊಡವೆಯೂ ಇಲ್ಲವೆಂಬಂತೆ, ವ್ಯಾಗನ್ನಿನ ಹಿಂದೆ ವ್ಯಾಗನ್ ಎಳೆದುಕೊಂಡು ಸಾಗುತ್ತಿರುತ್ತದೆ. ಅಲ್ಲಿ ಮಿರ್ಚಿ ಕರಿಯುವವನಿಗೆ ಫುಟ್‌ಬಾಲಿನ ಗಂಧಗಾಳಿಯಿಲ್ಲ, ಆದರೂ ಪಂದ್ಯದ ದಿನ 75ನೇ ನಿಮಿಷಕ್ಕೆ ಸರಿಯಾಗಿ ಬಾಣಲೆಗೆ ಎಣ್ಣೆ ಸುರಿಯುವಷ್ಟು ಕಾಲಜ್ಞಾನ ಅವನಿಗಿದೆ. ಬೈಕಿನ ಎಂಜಿನ್ ಆರಿಸಿ, ಒಗ್ಗರಣೆ-ಮಿರ್ಚಿಯ ಪೊಟ್ಟಣ ಹಿಡಿದು ನಿಂತವರಿಗೆ ಮೈದಾನದ ಕಡೆಯಿಂದ ಒಮ್ಮೆಲೇ ಹೋ ಎಂಬ ಕೂಗು ಕೇಳಿಸುತ್ತದೆ. ಗೋಲು ಹೊಡೆದವರು ಯಾರೆಂಬುದು ಯಾರಿಗೂ ತಿಳಿಯದು. ಕೂಡಲೇ ಮೈದಾನದಲ್ಲೇ ಉಳಿದ ಒಬ್ಬನಿಗೆ ಫೋನಿನ ಮೇಲೆ ಫೋನು ಹೋಗುತ್ತದೆ. ಅವನು ಕುಣಿಯುತ್ತಿರುವುದರಿಂದ ಎತ್ತುವುದಿಲ್ಲ.

ಈ ಕಲೆ ನಮ್ಮೂರಿನ ಸ್ವತ್ತೇನಲ್ಲ. ಇಂಗ್ಲೆಂಡಿನಲ್ಲಿ 2012ರ ಮೇ 13ರಂದು ಕ್ವೀನ್ಸ್ ಪಾರ್ಕ್ ರೇಂಜರ್ಸ್ ಎದುರು ಗೆದ್ದರೆ 1968ರ ನಂತರದ ಮೊದಲ ಲೀಗ್ ಪ್ರಶಸ್ತಿ ಮ್ಯಾಂಚೆಸ್ಟರ್ ಸಿಟಿಯ ಪಾಲಾಗುವುದಿತ್ತು. ನಿಗದಿತ 90 ನಿಮಿಷ ಮುಗಿದು, ಪೋಲಾದ ಸಮಯಕ್ಕೆಂದು ಐದು ನಿಮಿಷ ಕೂಡಿಸಿದಾಗ ತಂಡ 1–2ರಿಂದ ಹಿಂದಿತ್ತು. 44 ವರ್ಷ ಕಾದ ಅಭಿಮಾನಿಗಳಲ್ಲಿ ಕೆಲವರಿಗೆ ಇನ್ನೈದು ನಿಮಿಷ ಕಾಯುವುದು ದುಸ್ಸಾಧ್ಯವೆನಿಸಿ ಎದ್ದು ಹೊರಟರು. ಆ ಐದು ನಿಮಿಷಗಳಲ್ಲೇ ಜೆಕೊ ಒಂದು, ಅಗುವೆರೊ ಒಂದು ಗೋಲು ಹೊಡೆದು ಪ್ರಶಸ್ತಿ ತಂದುಕೊಟ್ಟರು.

ಗಣ್ಯರ ವಿಷಯಕ್ಕೆ ಬಂದರೆ ನಮ್ಮ ಮುಖ್ಯ ಅತಿಥಿಗಳನ್ನು ಮೀರಿಸುವವರಿಲ್ಲ. ಅವರು ವಿರಾಮದ ಹೊತ್ತಿಗೆ ಬಂದು, ಎರಡೂ ತಂಡಗಳ ಕೈಕುಲುಕಿ, ಶಾಲು ಹೊದ್ದು, ಹಾರ ಹಾಕಿಸಿಕೊಂಡು, ಕ್ರೀಡಾ ಮನೋಭಾವದ ಮಹತ್ವವನ್ನು ವಿವರಿಸಿ, “ಇನ್ನೊಂದು ಕಾರ್ಯಕ್ರಮವಿದೆ” ಎಂದು ಕಾರು ಹತ್ತುತ್ತಾರೆ. ಗೆದ್ದವರಿಗೆ ಕಪ್ಪು ಕೊಡುವ ಹೊತ್ತಿಗೆ ವೇದಿಕೆಯ ಮೇಲೆ ಉಳಿದಿರುವವನು ಶಾಮಿಯಾನದವನೊಬ್ಬನೇ, ಅದೂ ಕುರ್ಚಿ ಎಣಿಸುವ ಸಲುವಾಗಿ. ಇದಕ್ಕೆ ಹೋಲಿಸಿದರೆ ಯೂರೋಪಿನ ಫುಟ್‌ಬಾಲ್ ಒಕ್ಕೂಟದ ಅಧ್ಯಕ್ಷರಾಗಿದ್ದ ಲೆನ್ನಾರ್ಟ್ ಯೋಹಾನ್ಸನ್ ಅವರದು ಕರ್ತವ್ಯನಿಷ್ಠೆಯೆಂದೇ ಹೇಳಬೇಕು. 1999ರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಬಾಯರ್ನ್ ಮ್ಯೂನಿಕ್ 1–0ರಿಂದ ಮುಂದಿದ್ದಾಗ ಅವರು ಕಪ್ಪು ಕೊಡಲೆಂದೇ ಆಸನ ಬಿಟ್ಟು ಲಿಫ್ಟಿನಲ್ಲಿ ಕೆಳಗಿಳಿದರು. ಅವರು ಮೈದಾನ ತಲುಪುವುದರೊಳಗೆ ಮ್ಯಾಂಚೆಸ್ಟರ್ ಯುನೈಟೆಡ್ ಎರಡು ಗೋಲು ಹೊಡೆದು ಗೆದ್ದಾಗಿತ್ತು. ಗೆದ್ದವರು ಅಳುತ್ತಿದ್ದಾರೆ, ಸೋತವರು ಕುಣಿಯುತ್ತಿದ್ದಾರೆ, ಇದೇನು ವಿಚಿತ್ರವೆಂದು ಅವರು ಕಕ್ಕಾಬಿಕ್ಕಿಯಾದರಂತೆ.

ಬೆಂಗಳೂರು ಎಫ್‌ಸಿಯನ್ನು ನಾವು ಬಳ್ಳಾರಿಯವರು ಅರ್ಧ ನಮ್ಮದೆಂದೇ ತಿಳಿಯುತ್ತೇವೆ. ಅದರ ಒಡೆಯರ ಉಕ್ಕಿನ ಕಾರ್ಖಾನೆ ತೋರಣಗಲ್ಲಿನಲ್ಲಿರುವಾಗ ತಂಡಕ್ಕೂ ನಮಗೂ ಒಂದೇ ಹೊಗೆಯ ನಂಟು. ಕಂಠೀರವ ಕ್ರೀಡಾಂಗಣಕ್ಕೆ ಇಲ್ಲಿಂದ ಹೋಗಿ, ರಾತ್ರಿಯ ರೈಲು ಹಿಡಿಯಲು ಬೇಗ ಏಳುವವರನ್ನು ನಾನು ಕ್ಷಮಿಸಬಲ್ಲೆ. ಮನೆ ಎರಡು ಬೀದಿ ಆಚೆಗಿರುವವರನ್ನು ಕ್ಷಮಿಸುವುದು ಕಷ್ಟ. ಅದೇ ಕಂಠೀರವದಲ್ಲಿ 2023ರ ಮಾರ್ಚ್ 3ರಂದು, ಹೆಚ್ಚುವರಿ ಅವಧಿಯಲ್ಲಿ ಬೆಂಗಳೂರು ತಂಡದ ಸುನಿಲ್ ಛೆಟ್ರಿ ಹೊಡೆದ ಫ್ರೀ ಕಿಕ್ ಗೋಲನ್ನು ಒಪ್ಪದೆ ಕೇರಳ ಬ್ಲಾಸ್ಟರ್ಸ್ ತಂಡದ ಆಟಗಾರರೇ ಮೈದಾನ ಬಿಟ್ಟು ನಡೆದುಬಿಟ್ಟರು. ಅದಕ್ಕೆ ಬಿದ್ದ ದಂಡ 4 ಕೋಟಿ ರೂಪಾಯಿ. ಪ್ರೇಕ್ಷಕ ಅದೇ ಕೆಲಸವನ್ನು ಪ್ರತಿ ಪಂದ್ಯದಲ್ಲೂ ಬಿಟ್ಟಿಯಾಗಿ ಮಾಡುತ್ತಾನೆ.

ಇನ್ನು ವಿಶ್ವ ಫುಟ್‌ಬಾಲ್ ಒಕ್ಕೂಟವಾದ ಫಿಫಾದವರು ಮಾಡುತ್ತಿರುವುದು ಶುದ್ಧ ಅನ್ಯಾಯ. 2022ರ ಕತಾರ್ ವಿಶ್ವಕಪ್ಪಿನಲ್ಲಿ ಪೋಲಾದ ಸಮಯವನ್ನೆಲ್ಲ ಲೆಕ್ಕಹಾಕಿ ಸೇರಿಸತೊಡಗಿ, ಇಂಗ್ಲೆಂಡ್–ಇರಾನ್ ಪಂದ್ಯದ ಮೊದಲಾರ್ಧಕ್ಕೇ 14 ನಿಮಿಷ ಕೂಡಿಸಿದರು. ಜನ ಹತ್ತು ನಿಮಿಷ ಮೊದಲೇ ಎದ್ದು ಹೋಗುತ್ತಿರುವಾಗ ಇವರು ಹಿಂಬದಿಗೆ ನಿಮಿಷ ಅಂಟಿಸುತ್ತ ಕುಳಿತರೆ ಅವುಗಳನ್ನು ಅನುಭವಿಸುವವರಾರು? ಪಂದ್ಯವನ್ನು 80 ನಿಮಿಷಕ್ಕೇ ಇಳಿಸಬಹುದೆಂದು ಗೆಳೆಯರೊಬ್ಬರು ಸೂಚಿಸಿದರು. ಹಾಗಾದಲ್ಲಿ ಮಿರ್ಚಿಯವನು 65ನೇ ನಿಮಿಷಕ್ಕೆ ಒಲೆ ಹೊತ್ತಿಸಬೇಕಾಗುತ್ತದೆ, ಅಷ್ಟೇ ವ್ಯತ್ಯಾಸ.

ಮರುದಿನ ಬೆಳಿಗ್ಗೆ ಹೋಟೆಲಿನಲ್ಲಿ ಇಡ್ಲಿಯ ಮುಂದೆ ಪಂದ್ಯದ ವಿಮರ್ಶೆ ನಡೆಯುತ್ತದೆ. ಕೊನೆಯ ಗೋಲಿನ ವಿಷಯದಲ್ಲಿ ಹೆಚ್ಚು ಮಾತಾಡುವವರು ಅದನ್ನು ಗೇಟಿನ ಬಳಿ ಕಿವಿಯಿಂದ ನೋಡಿದವರೇ. ಡಿಫೆನ್ಸ್ ಎಲ್ಲಿ ಸಡಿಲವಾಯಿತು, ಗೋಲಿ ಯಾವ ಕಡೆ ಹಾರಬೇಕಿತ್ತು ಎಂಬುದನ್ನು ಚಟ್ನಿ ಬಟ್ಟಲು, ನೀರಿನ ಲೋಟ ಇಟ್ಟು ತೋರಿಸುತ್ತಾರೆ. ಕೊನೆಯವರೆಗೆ ಕುಳಿತು ನೋಡಿದವನು “ಅದು ಪೆನಾಲ್ಟಿ ಇತ್ತಲ್ಲಣ್ಣ” ಎಂದು ಬಾಯಿ ಹಾಕಿದರೆ, “ನಿನಗೇನ್ ಗೊತ್ತಲೇ, ಸುಮ್ಮನಿರು” ಎಂದು ಗದರಿ ಚಟ್ನಿ ಬಟ್ಟಲನ್ನು ಇನ್ನಷ್ಟು ಎಡಕ್ಕೆ ಸರಿಸುತ್ತಾರೆ.